ಮಗ್ಗ ನಿಂತ ದಿನ ಕೇಳಿದ ಸಪ್ಪಳ

ನಮ್ಮ ಬನಹಟ್ಟಿಯಲ್ಲಿ ಸಪ್ಪಳ ಇದ್ದರೆ ನಿದ್ದೆ ಬರುತ್ತದೆ, ನಿಂತರೆ ಎಚ್ಚರವಾಗುತ್ತದೆ. ಇಲ್ಲಿ ಹುಟ್ಟಿದವರಿಗಷ್ಟೇ ಅಲ್ಲ, ನನ್ನ ಹಾಗೆ ಸಾವಳಗಿಯಿಂದ ಸೊಸೆಯಾಗಿ ಬಂದವರಿಗೂ ಇದು ರೂಢಿಯಾಗಿಬಿಡುತ್ತದೆ. ಓಣಿಯ ಎರಡೂ ಬದಿಗೆ ಮಗ್ಗದ ಖೋಲಿಗಳು. ಗೋಡೆಯ ಆಚೆ ದಿನವಿಡೀ ಖಟಾಖಟ, ಈಚೆ ನಮ್ಮ ಒಲೆ, ನಮ್ಮ ದೇವರ ಜಗಲಿ. ಮಾತಾಡಬೇಕಾದರೆ ಕೂಗಲೇಬೇಕು. ಹೀಗಾಗಿ ನಾನು ತವರಿಗೆ ಹೋದಾಗಲೆಲ್ಲ ನಮ್ಮವ್ವ, "ಯಾಕ ಬೇ, ಯಾರ ಮ್ಯಾಲ ಸಿಟ್ಟು?" ಎಂದು ಕೇಳುತ್ತಿದ್ದಳು.

ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಮಾತ್ರ ಇಡೀ ಓಣಿ ಬಾಯಿ ಮುಚ್ಚುತ್ತದೆ. ಮಗ್ಗ ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಕಟ್ಟಿ ಕಾಯಿ ಒಡೆದರೆ ಆಯಿತು. ಮರುದಿನ ದಸರೆಯ ಬನ್ನಿ ಮುಡಿದು ಮುಗಿಯುವತನಕ ಮಗ್ಗದ ಕರೆಂಟಿನ ಗುಂಡಿ ಒತ್ತುವಂತಿಲ್ಲ. ಈ ಸಲವೂ ಹಾಗೆಯೇ ಆಯಿತು. ದಸರೆಯ ಬೆಳಿಗ್ಗೆ ಹೂರಣ ರುಬ್ಬುತ್ತಿದ್ದೆ. ಮಗ್ಗದ ಖೋಲಿಯ ಬಾಗಿಲಿನಿಂದ ಎಣ್ಣೆಯ ವಾಸನೆಯೂ ಚೆಂಡು ಹೂವಿನ ವಾಸನೆಯೂ ಕೂಡಿ ಬಂದದ್ದೇ ತಡ, ನನ್ನ ಕೈ ನಿಂತಿತು. ಹೊರಗೆ ಸದ್ದಿಲ್ಲ. ಕಟ್ಟೆಯ ಮೇಲೆ ನಮ್ಮ ಅತ್ತೆ ಕೂತಿದ್ದರು, ಹನುಮಪ್ಪನ ಗುಡಿಯ ಮೂಲೆಯ ಕಡೆ ಕಿವಿ ಕೊಟ್ಟುಕೊಂಡು. ಮೂರು ವರ್ಷದ ಹಿಂದಿನ ದಸರೆಯಂದೂ ಅವರು ಹೀಗೆಯೇ ಕೂತಿದ್ದರು.

ಆ ದಿನದ ಸಂಗತಿ ಹೇಳಬೇಕಾದರೆ ಮಲ್ಲುವಿನಿಂದ ಶುರು ಮಾಡಬೇಕು. ಮಲ್ಲಿಕಾರ್ಜುನ, ನನ್ನ ಮೈದುನ, ಅತ್ತೆಯ ಕಿರಿಯ ಮಗ. ನಾನು ಈ ಮನೆಗೆ ಬಂದಾಗ ಮೂರನೇ ಇಯತ್ತೆಯಲ್ಲಿದ್ದ. ನನ್ನ ಸೆರಗಿಗೆ ಮೂಗು ಒರೆಸಿ ಬೆಳೆದವನು ಒಂದು ದಿನ ಮಿಲಿಟರಿ ಭರ್ತಿಗೆ ಓಡಿ, ಪಾಸಾಗಿ, ತಲೆ ಬೋಳಿಸಿಕೊಂಡು ಬಂದು ನಿಂತ. ಎರಡನೇ ರಜೆಗೆ ಬಂದಾಗ ಮುಧೋಳದ ಒಬ್ಬ ಮಿಸ್ತ್ರಿಯ ಹತ್ತಿರ ಹಳೆಯ ಬುಲೆಟ್ ತಗೊಂಡ. ಅದರ ಸಪ್ಪಳವೋ, ಹಿಟ್ಟಿನ ಗಿರಣಿಯೇ ರಸ್ತೆಗಿಳಿದ ಹಾಗೆ. ನಮ್ಮ ಎದುರುಮನೆಯ ಗುರುಪಾದಪ್ಪ ಕಾಕಾ, ಊರಿನ ಎಲ್ಲ ಸಂಗತಿಗೂ ತೀರ್ಪು ಕೊಡುವ ಮನುಷ್ಯ, ಅಂದೇ ಹೇಳಿದ್ದರು: "ಇಂಥಾ ಗಾಡಿ ಏರೋರು ಇಬ್ರ. ಒಬ್ಬ ಪುಂಡ, ಒಬ್ಬ ಪುಂಡ ಆಗಾಂವ."

ಮಲ್ಲುವಿಗೆ ಒಂದು ಚಟ ಇತ್ತು. ರಜೆಗೆ ಬಂದಾಗ ಎಲ್ಲಿ ತಿರುಗಿ ಬಂದರೂ ಹನುಮಪ್ಪನ ಗುಡಿಯ ಮೂಲೆಯಲ್ಲಿ ಗಾಡಿ ಬಂದ್ ಮಾಡಿ, ಅಲ್ಲಿಂದ ಮನೆಯತನಕ ಕೈಯಿಂದ ನೂಕಿಕೊಂಡು ಬರುತ್ತಿದ್ದ. ಅತ್ತೆ ಪಡಸಾಲೆಯಲ್ಲಿ ರಾಟಿ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರೆ, ಹಿಂದಿನಿಂದ ಬಂದು ಕಣ್ಣು ಮುಚ್ಚುತ್ತಿದ್ದ.

"ಯಾರ ಹೇಳ ನೋಡೋಣು?"

"ಕಳ್ಳ. ಬಿಡಲೇ, ಎಳಿ ಹರೀತೈತಿ!"

ಎಳೆ ಹರಿಯುತ್ತಲೇ ಇತ್ತು, ಇಬ್ಬರೂ ನಗುತ್ತಲೇ ಇದ್ದರು. ಕಡೆಯ ರಜೆ ಮುಗಿಸಿ ಹೋಗುವಾಗ ಅವನು ಬಾಗಿಲಲ್ಲಿ ನಿಂತು, "ವೈನೀ, ಮುಂದಿನ ಸಲ ನನ್ನ ಗೆಳ್ಯಾರನ್ನ ಕರಕೊಂಡ ಬರತೇನಿ. ಎಲ್ಲಾರೂ ಗಾಡಿ ಮ್ಯಾಲ. ರೊಟ್ಟಿ ಬಡದ ಬಡದ ನಿನ್ನ ರಟ್ಟಿ ಬೀಳಬೇಕ ನೋಡ," ಎಂದು ಹೋದ. ನಾನು ಕಟ್ಟಿಕೊಟ್ಟ ಶೇಂಗಾ ಚಟ್ನಿ ಅವನಿಗೆ ಸೇರಿತಂತೆ. ಆದರೂ ಫೋನು ಮಾಡಿ, ಖಾರ ಸಾಲದು ಎಂದು ಬೈದಿದ್ದ. ಅಷ್ಟಾದರೂ ತಿಂದ ಎಂಬುದನ್ನು ದೇವರು ಕೊಟ್ಟದ್ದೆಂದು ಎಣಿಸಿಕೊಂಡಿದ್ದೇನೆ.

ಆ ವರ್ಷದ ಶ್ರಾವಣದಲ್ಲಿ ಫೋನು ಬಂತು. ಮಗ್ಗಗಳು ಓಡುತ್ತಿದ್ದವು. ನಮ್ಮ ಮನೆಯವರು, ಮಲ್ಲುವಿನ ಅಣ್ಣ, ಫೋನು ಕಿವಿಗೆ ಒತ್ತಿಕೊಂಡು, ಕೇಳಿಸದೆ ಓಣಿಗೆ ಹೋದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಏನೂ ಕೇಳಲಿಲ್ಲ. ಅವರ ಕೈ ಮೆಲ್ಲಗೆ ಕೆಳಗಿಳಿದದ್ದು ಕಂಡಿತು. ಅವರು ನನ್ನ ಕಡೆ ನೋಡಲೂ ಇಲ್ಲ. ಸೀದಾ ಮಗ್ಗದ ಖೋಲಿಗೆ ಹೋಗಿ ಒಂದೊಂದೇ ಗುಂಡಿ ಬಂದ್ ಮಾಡಿದರು. ನೇಯುವ ದಿನದ ನಟ್ಟನಡುವೆ ನಮ್ಮ ಮಗ್ಗ ನಿಂತದ್ದು ಕೇಳಿ ಪಕ್ಕದವರು ಬಂದರು, ಏನೆಂದು ಕೇಳಿದರು, ಹೋಗಿ ತಮ್ಮವನ್ನೂ ನಿಲ್ಲಿಸಿದರು. ಆಮೇಲೆ ಅವರ ಪಕ್ಕದವರು. ಆ ಮೌನ ಒಂದೊಂದೇ ಮನೆ ದಾಟಿಕೊಂಡು ಓಣಿಯ ಕೊನೆತನಕ ಹೋಯಿತು. ರಾಟಿ ತಿರುವುತ್ತಿದ್ದ ಅತ್ತೆ ತಲೆ ಎತ್ತಿ ಕೇಳಿದರು: "ಕರೆಂಟ ಹೋತೇನ?"



ಗಡಿಯಲ್ಲಿ ಗಸ್ತಿಗೆ ಹೋದ ಗಾಡಿಯ ಕೆಳಗೆ ಏನೋ ಸಿಡಿದಿತ್ತು. ಮೂರನೆಯ ದಿನ ಮಲ್ಲು ಬಂದ, ಪೆಟ್ಟಿಗೆಯೊಳಗೆ, ಬಾವುಟ ಹೊದ್ದುಕೊಂಡು. ತೇರದಾಳ, ರಬಕವಿ, ಜಮಖಂಡಿಯಿಂದ ಮಂದಿಯೋ ಮಂದಿ. ಜೊತೆಗೆ ಬಂದ ಸಾಹೇಬರು ನಮ್ಮ ಮನೆಯವರನ್ನು ಬದಿಗೆ ಕರೆದು, ಪೆಟ್ಟಿಗೆ ತೆರೆಯುವುದು ಬೇಡ ಎಂದರು. ಯಾಕೆ ಬೇಡ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತ ಹಾಗೆ ಕೂಡ್ರಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಕೊಡುತ್ತೇವೆ. ಮಲ್ಲುವಿನ ಹಣೆ ನಮಗೆ ಸಿಗಲಿಲ್ಲ. ಪೂಜೆ ಮಾಡಿಸುವ ಅಯ್ಯನವರು ಪೆಟ್ಟಿಗೆಯ ಹಲಗೆಗೇ ವಿಭೂತಿ ಹಚ್ಚಿದರು. ಅವನ ಲಿಂಗವೂ ಬರಲಿಲ್ಲ. ಪೆಟ್ಟಿಗೆ ಹಾಗೆಯೇ ಅಡ್ಡವಾಗಿ ಕುಣಿಗೆ ಇಳಿಯಿತು. ಅತ್ತೆಯ ಕಣ್ಣಲ್ಲಿ ಒಂದು ಹನಿ ಇಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ನನ್ನ ಮಗ ಆಗಿದ್ರ ಕುಂದ್ರಿಸಿ ಮಣ್ಣ ಕೊಡತಿದ್ರಿ. ಮಲಗಿಸಿ ಹುಗದ್ರಿ. ಇಂವ ಬ್ಯಾರೆ ಯಾರದೋ ಮಗ. ಪಾಪ, ಅವನ ಅವ್ವಗ ತಿಳಿಸ್ರಿ."

ಆ ಮಾತು ಕೇಳಿ ಬಂದೂಕು ಹಿಡಿದು ನಿಂತ ಜವಾನರೂ ತಲೆ ತಗ್ಗಿಸಿದರು.

ಅಂದಿನಿಂದ ಅತ್ತೆ ಕಾಯತೊಡಗಿದರು. ಹುಚ್ಚು ಎನ್ನಬೇಡಿ, ಎಲ್ಲ ಕೆಲಸ ಸರಿಯಾಗಿ ಮಾಡುತ್ತಿದ್ದರು. ಸ್ನಾನ, ಲಿಂಗಪೂಜೆ, ಕಂಡಿಕೆ ಸುತ್ತುವುದು, ಯಾವುದೂ ತಪ್ಪಲಿಲ್ಲ. ಆದರೆ ಪಡಸಾಲೆಯ ಮಲ್ಲುವಿನ ಫೋಟೋಕ್ಕೆ ಮಾಲೆ ಹಾಕಲು ಬಿಡಲಿಲ್ಲ. "ಇದ್ದಾಂವಗ ಮಾಲಿ ಹಾಕತಾರೇನ?" ಎನ್ನುತ್ತಿದ್ದರು. ಅಂಗಳದಲ್ಲಿ ನಿಂತ ಬುಲೆಟ್ಟಿಗೆ ತಮ್ಮದೇ ಹಳೆಯ ಸೀರೆ ಹೊದಿಸಿ, ಸೋಮವಾರಕ್ಕೊಮ್ಮೆ ಒರೆಸುತ್ತಿದ್ದರು. ನಾನು ರೊಟ್ಟಿ ಬಡಿದು ಮುಗಿಸಿ ಒಲೆ ಆರಿಸಲು ಹೋದರೆ, "ಇನ್ನೊಂದ ಬಡಿಯವಾ. ದಾರ್‍ಯಾಗ ಇರತಾನ," ಎನ್ನುತ್ತಿದ್ದರು. ನಾನು ಬಡಿಯುತ್ತಿದ್ದೆ. ಅವರಿಗೆ ಎದುರು ನಿಂತು, ಇಲ್ಲ, ಅವನು ಸತ್ತ ಎಂದು ಹೇಳುವ ಎದೆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಮನೆಯವರು, "ವಿಚಾರಣಿ ನಡದೈತಿ ಬೇ," ಎಂದು ಮುಖ ತಿರುಗಿಸುತ್ತಿದ್ದರು. ಅಯ್ಯನವರು, "ಶಿವನ ಇಚ್ಛೆ," ಎಂದು ವಿಭೂತಿ ಕೊಟ್ಟು ಹೋಗುತ್ತಿದ್ದರು. ಎಲ್ಲರೂ ಮಾತು ಸುತ್ತಿ ಸುತ್ತಿ ಆಡಿ, ಆ ಮುದುಕಿಯನ್ನು ಬಾಗಿಲಲ್ಲೇ ಕೂಡ್ರಿಸಿಬಿಟ್ಟೆವು. ಊಟ ಕಡಿಮೆಯಾಯಿತು. ರವಿಕೆಯ ತೋಳು ಸಡಿಲಾದವು. ಹೀಗೇ ಕಾಯುತ್ತಾ ಇವರು ಮಗನ ಹಿಂದೆಯೇ ಹೋಗಿಬಿಡುತ್ತಾರೆ ಎಂಬುದೇ ನನಗೆ ದಿನಾ ಭಯ.

ಅಷ್ಟರಲ್ಲಿ ನಮ್ಮ ಮನೆಯವರಿಗೆ ಯಾರೋ ಫೋನು ಮಾಡಿದರು. ತಾವು ಮೋಟಾರ್‌ಸೈಕಲ್ ಮೇಲೆ ತಿರುಗುವ ಒಂದು ಗುಂಪಿನವರು, ಸೈನ್ಯದಲ್ಲಿ ತೀರಿಕೊಂಡವರ ಮನೆಗಳಿಗೆ ಹೋಗಿ ನಮಸ್ಕಾರ ಮಾಡಿ ಬರುತ್ತೇವೆ, ಯಾವಾಗ ಬರೋಣ ಎಂದು ಕೇಳಿದರಂತೆ. ಇವರು, ದಸರೆಗೆ ಬನ್ನಿ ಎಂದರು. ನೇಕಾರರ ಬುದ್ಧಿ ಓಡುವುದೇ ಹಾಗೆ. ಬೇರೆ ದಿನ ಬಂದರೆ ಮಗ್ಗದ ಗದ್ದಲದಲ್ಲಿ ನಾಲ್ಕು ಮಾತು ಆಡಲು ಆಗುವುದಿಲ್ಲ. ಮಗ್ಗ ನಿಂತ ದಿನ ಬಂದರೆ ಸಮಾಧಾನವಾಗಿ ಕೂತು ಮಾತಾಡಬಹುದು. ಇಷ್ಟೇ ಅವರ ಲೆಕ್ಕ. ನಾಲ್ಕು ಮಂದಿ ಬರುತ್ತಾರೆ, ಒಂದು ಶಾಲು ಹೊದಿಸಿ ಹೋಗುತ್ತಾರೆ ಎಂದುಕೊಂಡು ನನಗಷ್ಟೇ ಹೇಳಿದರು, ಅತ್ತೆಗೆ ಹೇಳಲಿಲ್ಲ. ಮಗ್ಗ ನಿಂತ ದಿನ ಬನಹಟ್ಟಿಯಲ್ಲಿ ಹರದಾರಿ ದೂರದ ಸಪ್ಪಳವೂ ಕೇಳುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸಾವಿನ ಮನೆ, ವರ್ಷ ಕಳೆಯುವತನಕ ಹಬ್ಬವಿಲ್ಲ. ಖಂಡೇ ಪೂಜೆಯ ದಿನ ಮಗ್ಗಕ್ಕೆ ಮಾತ್ರ ಕಾಯಿ ಒಡೆದೆವು. ಅತ್ತೆ ಸೀರೆ ತೆಗೆದು ಬುಲೆಟ್ಟಿಗೆ ನೀರು ಹಾಕಿದರು, ವಿಭೂತಿ ಹಚ್ಚಿದರು, ಹ್ಯಾಂಡಲ್ಲಿಗೆ ದಪ್ಪನೆಯ ಚೆಂಡು ಹೂವಿನ ಮಾಲೆ ಕಟ್ಟಿದರು. "ಬಂದ ಕೂಡ್ಲೆ ಕೇಳತಾನ, ನನ್ನ ಗಾಡಿ ಪೂಜಿ ಮಾಡಿದ್ಯೋ ಇಲ್ಲೋ ಅಂತ," ಎಂದರು.

ಮರುದಿನ ದಸರೆ. ಹೊತ್ತು ಏರಿತ್ತು. ಓಣಿಯಲ್ಲಿ ಸೂಜಿ ಬಿದ್ದರೆ ಕೇಳುವಂಥ ಮೌನ. ಮೊದಲು ಮುಧೋಳದ ರಸ್ತೆಯ ಕಡೆಯಿಂದ ಗುಡುಗಿನ ಹಾಗೆ ಬಂತು. ಆಮೇಲೆ ಬಿಡಿಬಿಡಿಯಾಗಿ ಗುರುತು ಸಿಕ್ಕಿತು. ಬುಲೆಟ್ಟು. ಒಂದಲ್ಲ, ಹತ್ತು-ಹನ್ನೆರಡು. ನಾಲ್ಕು ಮಂದಿ ಎಂದುಕೊಂಡಿದ್ದ ನನಗೆ ಇವರೇ ಅವರೆಂದು ಕೂಡಲೇ ಹೊಳೆಯಲಿಲ್ಲ. ಗುರುಪಾದಪ್ಪ ಕಾಕಾ ಧೋತರ ಸಾವರಿಸುತ್ತಾ ಹೊರಗೆ ಓಡಿ ಬಂದರು. ಆ ಬೇಸಿಗೆಯಲ್ಲಿ ಸೈಲೆನ್ಸರ್ ಕಿತ್ತ ಗಾಡಿಗಳ ಮೇಲೆ ಕೆಲವು ಹುಡುಗರು ಬಂದು ನೀರಿಗೆ ಹೋದ ಹೆಣ್ಣುಮಕ್ಕಳನ್ನು ಕಾಡಿದ್ದರು. ಅದು ಯಾರಿಗೂ ಮರೆತಿರಲಿಲ್ಲ.

"ಬಂದ್ರಲೇ ಪುಂಡರು! ದಂಡ ಕಟಗೊಂಡ ಬಂದಾರ. ಬಾಕ ತರ್ರಿ, ಅಡ್ಡ ಇಡ್ರಿ!"

ನಾಲ್ಕು ಮಂದಿ ಸೇರಿ ಗುಡಿಯ ಮುಂದೆ ಕೂಡಲು ಹಾಕಿದ್ದ ಉದ್ದನೆಯ ಮರದ ಬಾಕು ತಂದು ಓಣಿಯ ಬಾಯಿಗೆ ಅಡ್ಡ ಇಟ್ಟರು. ಗಾಡಿಗಳು ಹನುಮಪ್ಪನ ಗುಡಿಯ ಮೂಲೆಗೆ ಬಂದವು. ಬಂದವೇ, ಎಲ್ಲವೂ ಒಮ್ಮೆಲೇ ಬಂದ್ ಆದವು.

"ನೋಡ್ರಿ, ಹೆಂಗ ಹೆದರಿದ್ರು," ಎಂದು ಕಾಕಾ ಮೀಸೆ ತಿರುವಿದರು.

ನನ್ನ ಪಕ್ಕದಲ್ಲಿ, ಪೂಜೆ ಮಾಡಿ ಕಟ್ಟೆಯ ಮೇಲಿಟ್ಟಿದ್ದ ರಾಟಿ ಉರುಳಿ ಬಿದ್ದ ಸಪ್ಪಳವಾಯಿತು. ಅತ್ತೆ ಎದ್ದು ನಿಂತಿದ್ದರು. ತಿಂಗಳುಗಟ್ಟಲೆ ನಾನು ಕಾಣದ ಮುಖ ಅದು, ದೀಪ ಹಚ್ಚಿದ ಹಾಗೆ.

"ಮೂಲ್ಯಾಗ ಬಂದ್ ಮಾಡಿದಾ! ಕೇಳಿದೇನ? ನೂಕ್ಕೊಂಡ ಬರಾಕತ್ತಾನ ಕಳ್ಳ. ಗೆಳ್ಯಾರನ್ನ ಕರಕೊಂಡ ಬಂದಾನ. ಹೇಳಿದ್ದಲ್ಲ ನಿನಗ? ಹಿಟ್ಟ ನಾದವಾ, ಹಿಟ್ಟ ನಾದ!"

ಶಿವನೇ, ಇದೇನು ಮಾಡಿದಿ ಎಂದಷ್ಟೇ ಅಂದುಕೊಂಡೆ. ಅತ್ತೆ ಒಳಗೆ ಓಡಿ ಒಂದು ತಂಬಿಗೆ ನೀರು, ಒಂದು ರೊಟ್ಟಿಯ ತುಣುಕು ತಂದರು. ದೂರದಿಂದ ಬಂದವರನ್ನು ಒಳಗೆ ಕರೆಯುವ ಮೊದಲು ನಾವು ರೊಟ್ಟಿ ನಿವಾಳಿಸಿ, ನೀರು ಚೆಲ್ಲಿ ದೃಷ್ಟಿ ತೆಗೆಯುತ್ತೇವೆ. ಅವರು ಬರಿಗಾಲಲ್ಲಿ ಓಣಿಗೆ ಇಳಿದರು. ರೊಟ್ಟಿ ಬಡಿಯುವುದು ಬಿಟ್ಟು ಹೊರಗೆ ಬಂದಿದ್ದ ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ.

ಬಾಕನ್ನು ಯಾರು ಸರಿಸಿದರೋ ಗೊತ್ತಿಲ್ಲ. ಅವರು ಬಂದರು. ಸಾಲಾಗಿ, ಒಬ್ಬರ ಹಿಂದೆ ಒಬ್ಬರು, ಆ ಭಾರದ ಗಾಡಿಗಳನ್ನು ಕೈಯಿಂದ ನೂಕಿಕೊಂಡು. ಕರಿ ಜಾಕೀಟು, ಕರಿ ಬೂಟು, ತೋಳಿಲ್ಲದ ಜಾಕೀಟಿನ ಒಬ್ಬನ ತೋಳಿನ ಮೇಲೆ ತಲೆಬುರುಡೆಯ ಹಚ್ಚೆ. ಎಲ್ಲರ ತಲೆಗೂ ಕರಿಗಾಜಿನ ಹೆಲ್ಮೆಟ್ಟು, ಒಬ್ಬರ ಮುಖವೂ ಕಾಣದು. ಹುತಾತ್ಮರ ಮನೆಯ ಓಣಿಯಲ್ಲಿ ಗಾಡಿ ಚಾಲೂ ಇಡಬಾರದು ಎಂಬುದು ಆ ಗುಂಪಿನ ನೇಮವಂತೆ; ಅದು ನಮಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ನನಗೆ ಕಂಡದ್ದು ಒಂದೇ, ಮುಖವಿಲ್ಲದ ಹನ್ನೆರಡು ಮಲ್ಲುಗಳು ನಮ್ಮ ಕಡೆ ಬರುತ್ತಿದ್ದರು.

ಅತ್ತೆ ಮೊದಲನೆಯವನ ಎದುರು ನಿಂತರು. "ತಗಿ ಅದನ್ನ. ಮಾರಿ ತೋರಸ."

ಅವನು ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದ. ಕನ್ನಡಕದ ಹುಡುಗ.

"ನೀ ಅಲ್ಲ," ಎಂದು ಅತ್ತೆ ಮುಂದೆ ಹೋದರು. "ನೀ ತಗಿ." ತಲೆ ಬೆಳ್ಳಗಾದ ಮನುಷ್ಯ. "ನೀವೂ ಅಲ್ಲ." ಮುಂದೆ. ತಂಬಿಗೆಯ ನೀರು ತುಳುಕಿ ಅವರ ಸೀರೆಯ ಮೇಲೆ ಬೀಳುತ್ತಿತ್ತು. "ಎಲ್ಲಿ ಅಡಗ್ಯಾನ? ಹೇಳ್ರಿ, ಚಾಷ್ಟಿ ಸಾಕು. ಮಲ್ಲೂ!" ಒಂದೊಂದೇ ಹೆಲ್ಮೆಟ್ ಬಿಚ್ಚಿತು. ಒಂದರೊಳಗಿನಿಂದ ಉದ್ದನೆಯ ಜಡೆ ಇಳಿಯಿತು, ಹುಡುಗಿ, ಅವಳು ಅಳುತ್ತಿದ್ದಳು. ಗುರುಪಾದಪ್ಪ ಕಾಕಾ ಬಾಗಿಲ ಚೌಕಟ್ಟಿಗೆ ಒರಗಿ ಬಾಯಿಗೆ ಟವೆಲ್ ಒತ್ತಿಕೊಂಡಿದ್ದರು. ನಮ್ಮ ಮನೆಯವರು, "ಬೇ, ಬೇ," ಎನ್ನುತ್ತಾ ಬಂದವರು ಮುಂದೆ ಬರಲಾರದೆ ನಿಂತುಬಿಟ್ಟರು.

ಕಡೆಗೆ ಉಳಿದವನು ಹಚ್ಚೆಯ ತೋಳಿನವನು. ಮೈಕಟ್ಟು ಥೇಟ್ ಮಲ್ಲುವಿನದೇ. ಅತ್ತೆ ಅವನ ಎದುರು ಬಹಳ ಹೊತ್ತು ನಿಂತರು. ಈಗ ತೆಗೆ ಎನ್ನಲಿಲ್ಲ. ಅವರಿಗೆ ಆಗ ಗೊತ್ತಾಗಿತ್ತು ಎಂದು ನನಗೆ ಅನಿಸುತ್ತದೆ. ಅವನೇ ತೆಗೆದ. ಎದೆತನಕ ಗಡ್ಡ, ಕೆಂಪು ಕಣ್ಣು. ಯಾರಾದರೂ ಸಂಜೆ ಕಂಡರೆ ದಾರಿ ಬಿಡುವಂಥ ಮುಖ.

"ಇಂವನೂ ಅಲ್ಲ," ಎಂದರು ಅತ್ತೆ. ಆಮೇಲೆ ಸಣ್ಣ ಕೂಸಿನ ಹಾಗೆ ಕೇಳಿದರು: "ಹಂಗಾರ ನನ್ನ ಮಗ ಬಂದಿಲ್ಲ?"

ಅವನು ಗಾಡಿಗೆ ಸ್ಟ್ಯಾಂಡ್ ಹಾಕಿ, ಓಣಿಯ ಮಣ್ಣಿನಲ್ಲಿ ಮೊಣಕಾಲೂರಿ ಕೂತ.

"ಇಲ್ಲವ್ವಾ. ಬರೂದಿಲ್ಲ."

ಇಷ್ಟು ದಿನ ಮಗ ಹೇಳಲಾರದ್ದನ್ನು, ಸೊಸೆ ಹೇಳಲಾರದ್ದನ್ನು, ಅಯ್ಯನವರು ಹೇಳಲಾರದ್ದನ್ನು, ದಾರಿಯಲ್ಲಿ ಹೋಗುವ ಒಬ್ಬ ಗಡ್ಡದವನು ಎರಡು ಮಾತಿನಲ್ಲಿ ಹೇಳಿಬಿಟ್ಟ. ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು ನನಗೆ.

"ನಿನಗೇನ ಗೊತ್ತು? ಪೆಟ್ಟಿಗಿ ತಗದ ನೋಡೀಯೇನ?" ಎಂದರು ಅತ್ತೆ.

"ಇಲ್ಲವ್ವಾ. ನಮ್ಮ ಅಣ್ಣಂದೂ ತಗದ ತೋರಸಲಿಲ್ಲ. ನಾನೂ ಮಾರಿ ನೋಡಲಿಲ್ಲ, ನಮ್ಮವ್ವನೂ ನೋಡಲಿಲ್ಲ. ಅಕಿ ಸಾಯೂತನಕಾ ಬಾಗಲಾ ಹಾಕಲಿಲ್ರೀ. ಯಾರೂ ಹೇಳಲಿಲ್ಲ ಅಕಿಗೆ. ನಾನೂ ಹೇಳಲಿಲ್ಲ." ಅವನು ಹೆಲ್ಮೆಟ್ಟನ್ನು ನೆಲಕ್ಕಿಟ್ಟ. "ಅದಕ್ಕ ಹೇಳಿದ್ನಿ. ಬೈರಿ ಬೇಕಾದ್ರ."

ಅತ್ತೆ ಬೈಯಲಿಲ್ಲ. ಕೈಯಲ್ಲಿನ ತಂಬಿಗೆಯನ್ನು ನೋಡಿದರು, ರೊಟ್ಟಿಯನ್ನು ನೋಡಿದರು. ಆ ನೀರನ್ನು ಎಲ್ಲಿ ಚೆಲ್ಲುತ್ತಾರೋ ಎಂದು ನನಗೆ ಹೆದರಿಕೆ. ಅವರು ಹಿಂದಕ್ಕೆ ತಿರುಗಿ ಆ ಸಾಲನ್ನು ಉದ್ದಕ್ಕೂ ನೋಡಿ ಹೇಳಿದರು: "ಎಲ್ಲಾರೂ ಹತ್ರ ಬರ್ರಿ. ದೂರದಿಂದ ಬಂದೀರಿ. ನೀವೂ ಯಾರ್‍ಯಾರದೋ ಮಕ್ಕಳು."

ಕರಿ ಜಾಕೀಟಿನ ಹನ್ನೆರಡು ಮಂದಿ ಗುಂಪಾಗಿ ಬಗ್ಗಿ ನಿಂತರು. ಅತ್ತೆ ರೊಟ್ಟಿ ನಿವಾಳಿಸಿ ಮೂಲೆಯ ಕಡೆ ಎಸೆದರು, ನೀರು ಚೆಲ್ಲಿದರು. ತಂಬಿಗೆ ನೆಲಕ್ಕಿಟ್ಟರು. ಆಮೇಲೆ ಆ ಗಡ್ಡದವನ ಹೆಗಲು ಹಿಡಿದುಕೊಂಡು ಬಾಯಿ ತೆಗೆದು ಅತ್ತರು. ಶ್ರಾವಣದಿಂದ ಕಟ್ಟಿಕೊಂಡದ್ದೆಲ್ಲ ಹೊರಗೆ ಬಂತು. ಮಗ್ಗ ನಿಂತ ಆ ಓಣಿಯಲ್ಲಿ ಆ ಅಳು ಮನೆ ಮನೆಗೆ ಕೇಳಿತು. ಒಬ್ಬೊಬ್ಬರೇ ಹೆಂಗಸರು ಹೊರಗೆ ಬಂದರು. ನಾನೂ ಅತ್ತುಬಿಟ್ಟೆ. ಅಷ್ಟು ದಿನ ಅವರ ಎದುರು ಅಳಲು ನನಗೆ ಅವಕಾಶವೇ ಇರಲಿಲ್ಲ.

ಮನೆಯೊಳಗೆ ಬಂದಮೇಲೆ ಅವರು ಬೂಟು ಬಿಚ್ಚಿ, ಫೋಟೋದ ಎದುರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಭಾಷಣ ಮಾಡಲಿಲ್ಲ. ಬೀಳಗಿಯಲ್ಲಿ ಒಂದು ಮನೆ, ಮುಧೋಳದಲ್ಲಿ ಒಂದು ಮನೆ ಮುಗಿಸಿ ಬಂದಿದ್ದರಂತೆ. ಅತ್ತೆ ಕಣ್ಣು ಒರೆಸಿಕೊಂಡು ಅಂಗಳಕ್ಕೆ ಹೋದರು. ಬುಲೆಟ್ಟಿನ ಹ್ಯಾಂಡಲ್ಲಿಗೆ ತಾವೇ ಕಟ್ಟಿದ್ದ ಚೆಂಡು ಹೂವಿನ ಮಾಲೆಯ ಗಂಟು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಯಾರೂ ಸಹಾಯಕ್ಕೆ ಹೋಗಲಿಲ್ಲ, ಹೋಗಬಾರದು ಎಂದು ಎಲ್ಲರಿಗೂ ತಿಳಿದ ಹಾಗಿತ್ತು. ಬಿಚ್ಚಿ ತಂದು ನನ್ನ ಕೈಯಲ್ಲಿ ಇಟ್ಟರು.

"ನನಗ ಎಟಕೂದಿಲ್ಲ. ನೀ ಹಾಕವಾ, ಅವಗ."

ನಾನು ಮಣೆ ಹತ್ತಿ ಹಾಕಿದೆ. ಹಾಕುವಾಗ ನಾಲ್ಕು ಹೂವು ಉದುರಿದವು.

ಆಮೇಲೆ ಮಲ್ಲು ಹೇಳಿದ ಹಾಗೆಯೇ ರೊಟ್ಟಿ ಬಡಿದು ಬಡಿದು ನನ್ನ ರಟ್ಟೆ ಬಿದ್ದವು. ಜಡೆಯ ಹುಡುಗಿ ವಿಜಯಪುರದಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಒಲೆಯ ಮುಂದೆ ಕೂತು ರೊಟ್ಟಿ ಬೇಯಿಸಿಕೊಟ್ಟಳು. ಕನ್ನಡಕದವನು ಅಂಚೆ ಕಚೇರಿಯಲ್ಲಿದ್ದಾನೆ. ತಲೆ ಬೆಳ್ಳಗಾದವರು ಕಾಯಿಪಲ್ಯೆ ವ್ಯಾಪಾರಿ. ಗಡ್ಡದವನು ಹಲ್ಲಿನ ಡಾಕ್ಟರ ಎಂದಾಗ ಗುರುಪಾದಪ್ಪ ಕಾಕಾ, "ಇಂವಾ? ಈ ಬುರಡಿ ಬರಸ್ಕೊಂಡಾಂವಾ? ಇವನ ಮಾರಿ ನೋಡಿದ್ರ ಹಲ್ಲ ತಾವ ಉದುರತಾವ ತಗಿ," ಎಂದು ಬೈದು, ಊಟ ಮುಗಿಯುವುದರೊಳಗೆ ಅವನ ಎದುರು ಬಾಯಿ ತೆಗೆದು ಕೂತಿದ್ದರು. ಅತ್ತೆ ಆ ದಿನ ಒಂದು ರೊಟ್ಟಿ ಪೂರ್ತಿ ತಿಂದರು. ಗಾಡಿ ನೂಕಿಕೊಂಡು ಹೋಗುವಾಗ ಕಾಕಾನೇ ಮುಂದೆ ನಿಂತು ದಾರಿ ಬಿಡಿಸಿದರು. ಮೂಲೆ ದಾಟಿದ ಮೇಲೆ ಗಾಡಿಗಳು ಚಾಲೂ ಆದವು, ಜಮಖಂಡಿಯ ಕಡೆ ಹೋದವು. ಅತ್ತೆ ಒಳಗೆ ಬಂದು ಬಾಗಿಲು ಹಾಕಿದರು.

ಆಮೇಲೆ ನಾನು ಇನ್ನೊಂದು ರೊಟ್ಟಿ ಬಡಿಯುವುದು ನಿಂತಿತು.

ಆ ಗಾಡಿಯವರು ಪ್ರತಿ ವರ್ಷ ಬರುತ್ತಾರೆ. ಈ ದಸರೆಗೂ ಬಂದರು. ದೂರದಲ್ಲಿ ಗುಡುಗಿತು, ಮೂಲೆಯಲ್ಲಿ ನಿಂತಿತು. ಅತ್ತೆ ಓಡಲಿಲ್ಲ. ಮೊಣಕಾಲಿಗೆ ಕೈ ಊರಿ ಮೆಲ್ಲಗೆ ಎದ್ದು, "ನೀರ ತಾರವಾ, ಹುಡುಗ್ರು ಬಂದ್ರು," ಎಂದರು. ನಾನು ತಂಬಿಗೆ, ರೊಟ್ಟಿ ತಂದುಕೊಟ್ಟು ಅವರ ಹಿಂದೆ ನಿಂತೆ. "ಮೊದಲ ಟೊಪ್ಪಿಗಿ ತಗೀರೆಪಾ, ಮಾರಿ ಕಾಣಲಿ," ಎಂದು ಎಂದಿನ ಹಾಗೆ ಗದರಿದರು. ಒಂದೊಂದೇ ಹೆಲ್ಮೆಟ್ ಬಿಚ್ಚುತ್ತಾ ಬಂತು. ಅತ್ತೆ ಒಂದು ಮುಖವನ್ನೂ ಬಿಡದೆ ನೋಡಿದರು. ಹುಡುಗರು ಸುಖವಾಗಿದ್ದಾರೋ ಎಂದು ನೋಡುತ್ತಾರೋ, ಇನ್ನೇನನ್ನು ನೋಡುತ್ತಾರೋ, ನಾನು ಕೇಳಿಲ್ಲ. ಕೇಳಲು ನನಗೆ ಬಾಯಿಯೂ ಇಲ್ಲ. ಕಡೆಯ ಹೆಲ್ಮೆಟ್ ಬಿಚ್ಚುವಾಗ ಪ್ರತಿ ವರ್ಷ ನನ್ನ ಉಸಿರೂ ನಿಂತಿರುತ್ತದೆ.